ಸಂಪಿನ ಮೋಟರಿಗೆ ವಾಚಿನ ಹರಳು

ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಕಾವೇರಿ ನೀರು ಮೊದಲು ಸಂಪಿಗೆ ಬಿದ್ದು, ಅಲ್ಲಿಂದ ಮೋಟರಿನ ಮೂಲಕ ಮೇಲಿನ ಟ್ಯಾಂಕಿಗೆ ಏರುತ್ತದೆ. ಆರಿಸಲು ಮರೆತರೆ ತಾರಸಿಯಿಂದ ಬೀದಿಗೆ ಹರಿಯುತ್ತದೆ. ಗುಂಡಿ ಒತ್ತಿದ ಕಾಲು ಗಂಟೆಯ ಆಸುಪಾಸಿನಲ್ಲಿ ತಾನಾಗಿ ಆರುವ ಸ್ವಿಚ್ಚು ಬೇಕೆಂದಾಗ ಹವ್ಯಾಸಿಗಳ ಕೈ ಸಾಮಾನ್ಯವಾಗಿ, ಕೆಪಾಸಿಟರ್ ತುಂಬುವ ಹೊತ್ತಿನಿಂದ ಸಮಯ ಅಳೆಯುವ 555 ಐಸಿಯ ಕಡೆಗೇ ಹೋಗುತ್ತದೆ. ನಾನು ಅದನ್ನು ಬಿಟ್ಟು ಕ್ವಾರ್ಟ್ಜ್ ಹರಳನ್ನು ಹಿಡಿದದ್ದು ನಿಖರತೆಯ ಆಸೆಯಿಂದಲ್ಲ. ಟ್ಯಾಂಕು ತುಂಬುವ ಹೊತ್ತು ಅರ್ಧ ನಿಮಿಷ ಹೆಚ್ಚುಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ.

ತೊಡಕಿರುವುದು ದೀರ್ಘ ಅವಧಿಯಲ್ಲಿ. 555ರಿಂದ ಹದಿನೇಳು ನಿಮಿಷ ಪಡೆಯಲು 1000 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ಸುಮಾರು 930 ಕಿಲೋ ಓಮ್ ರೆಸಿಸ್ಟರನ್ನು ಜೋಡಿಸಬೇಕಾಗುತ್ತದೆ. ಅದರ ಮೂಲಕ ಹರಿಯುವುದು ಕೆಲವೇ ಮೈಕ್ರೋ ಆಂಪಿಯರ್. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳಗಿನ ಸೋರಿಕೆಯೂ ಅಷ್ಟೇ ಇರಬಹುದಾದ್ದರಿಂದ, ವೋಲ್ಟೇಜು ಬೇಕಾದ ಮಟ್ಟವನ್ನು ಮುಟ್ಟದೆಯೇ ಉಳಿದುಬಿಡಬಹುದು. ಹರಳಿನ ವಿಧಾನದಲ್ಲಿ ಏನೂ ತುಂಬಬೇಕಿಲ್ಲ, ಎಣಿಸಿದರೆ ಸಾಕು.

ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಾಚ್ ಕ್ರಿಸ್ಟಲ್ ಎಂದು ಕೇಳಿದರೆ ಸಿಗುವ, ಕೆಟ್ಟ ಗೋಡೆ ಗಡಿಯಾರದಿಂದಲೂ ಕಿತ್ತುಕೊಳ್ಳಬಹುದಾದ ಆ ಸಣ್ಣ ಬೆಳ್ಳಿಬಣ್ಣದ ಕೊಳವೆಯೊಳಗಿನ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಇದು ಎರಡರ ಹದಿನೈದನೆಯ ಘಾತ. ಸಿಡಿ4060 ಐಸಿ ಇದನ್ನು ಹದಿನಾಲ್ಕು ಬಾರಿ ಅರ್ಧಿಸಿ, 3ನೆಯ ಪಿನ್ನಿನಲ್ಲಿ ಸೆಕೆಂಡಿಗೆ ಎರಡು ಮಿಡಿತಗಳನ್ನು ಕೊಡುತ್ತದೆ. ಅವನ್ನು ಮಿಡಿತ ಎಣಿಸುವ ಸಿಡಿ4040 ಐಸಿಗೆ ಉಣಿಸಿದರೆ, ಅದರ ಹನ್ನೆರಡನೆಯ ಹಂತದ ವೋಲ್ಟೇಜು 2048 ಮಿಡಿತಗಳಿಗೆ, ಅಂದರೆ 17 ನಿಮಿಷ 4 ಸೆಕೆಂಡಿಗೆ ಮೇಲೇರುತ್ತದೆ. ಚಿಕ್ಕ ಟ್ಯಾಂಕಿನವರು ಹನ್ನೊಂದನೆಯ ಹಂತದಿಂದ ತಂತಿ ಎಳೆದರೆ 8 ನಿಮಿಷ 32 ಸೆಕೆಂಡು ಸಿಗುತ್ತದೆ.

4060ರ 10 ಮತ್ತು 11ನೆಯ ಪಿನ್ನುಗಳ ನಡುವೆ 10 ಮೆಗಾ ಓಮ್ ರೆಸಿಸ್ಟರ್, 10ನೆಯ ಪಿನ್ನಿನಿಂದ ಹರಳಿಗೆ 330 ಕಿಲೋ ಓಮ್, ಹರಳಿನ ಇನ್ನೊಂದು ತುದಿ ನೇರವಾಗಿ 11ಕ್ಕೆ, ಎರಡೂ ತುದಿಗಳಿಂದ ಗ್ರೌಂಡಿಗೆ 22 ಪಿಕೋಫ್ಯಾರಡ್: ಕಂಪನ ಹುಟ್ಟಿಸುವ ಆಸಿಲೇಟರ್ ಎಂದರೆ ಇಷ್ಟೇ. 330 ಕಿಲೋ ಓಮ್ ದಂಡವೆಂದು ಅದನ್ನು ಕೈಬಿಡುವವರಿದ್ದಾರೆ. ಆದರೆ ಈ ಹರಳುಗಳು ತಾಳುವುದು ಸುಮಾರು ಒಂದು ಮೈಕ್ರೋವ್ಯಾಟ್ ಮಾತ್ರ. ಇದೇ ಕಾರಣಕ್ಕೆ ಐಸಿಗಳಿಗೆ 12 ವೋಲ್ಟ್ ಕೊಡದೆ 5 ವೋಲ್ಟನ್ನೇ ಕೊಟ್ಟಿದ್ದೇನೆ. ಹರಳಿನ ಕಾಲಿಗೆ ಆಸಿಲೋಸ್ಕೋಪಿನ ಪ್ರೋಬ್ ಮುಟ್ಟಿಸಿದರೆ, ಅದರ ಹತ್ತಾರು ಪಿಕೋಫ್ಯಾರಡ್ ಸೇರಿಕೊಂಡು ಕಂಪನವೇ ನಿಂತುಹೋಗಬಹುದು; ಪರೀಕ್ಷಿಸುವುದಾದರೆ 3ನೆಯ ಪಿನ್ನಿನಲ್ಲಿ ಪರೀಕ್ಷಿಸಬೇಕು.

ಹನ್ನೆರಡನೆಯ ಹಂತ ಕೆಳಗಿರುವಷ್ಟು ಹೊತ್ತು ಎರಡು ಬಿಸಿ547 ಟ್ರಾನ್ಸಿಸ್ಟರುಗಳು 12 ವೋಲ್ಟಿನ ರಿಲೇಯನ್ನು (ಕಾಯಿಲಿನ ಕಾಂತಬಲದಿಂದ ಕೆಲಸ ಮಾಡುವ ಸ್ವಿಚ್ಚು) ಹಿಡಿದಿರುತ್ತವೆ. ಕಾಯಿಲಿಗೆ ಅಡ್ಡಲಾಗಿ ಡಯೋಡ್ ಇರಲೇಬೇಕು. ರಿಲೇಯ ಒಂದು ಜೋಡಿ ಸಂಪರ್ಕ ಮೋಟರಿನ ಕಾಂಟ್ಯಾಕ್ಟರನ್ನು (ಹೆಚ್ಚು ಕರೆಂಟು ತಾಳುವ ದೊಡ್ಡ ರಿಲೇ) ಎಳೆದರೆ, ಇನ್ನೊಂದು ಜೋಡಿ ಒತ್ತುಗುಂಡಿಗೆ ಸಮಾಂತರವಾಗಿ ನಿಂತು ಇಡೀ ಸರ್ಕ್ಯೂಟಿಗೆ ವಿದ್ಯುತ್ತನ್ನು ಉಳಿಸಿಕೊಡುತ್ತದೆ. ಅವಧಿ ಮುಗಿದೊಡನೆ ಎಲ್ಲವೂ ಒಟ್ಟಿಗೆ ಆರುತ್ತದೆ. ನಡುವೆ ಕರೆಂಟು ಹೋಗಿ ಬಂದರೂ ಮೋಟರು ತಾನಾಗಿ ಶುರುವಾಗುವುದಿಲ್ಲ.

ಈ ವಿಧಾನಕ್ಕೆ ಒಂದು ಅಪಾಯ ಅಂಟಿಕೊಂಡೇ ಇದೆ: ಹರಳು ಕಂಪಿಸದೆ ಹೋದರೆ ಎಣಿಕೆ ಮುಂದೆ ಸಾಗುವುದಿಲ್ಲ, ಮೋಟರೂ ನಿಲ್ಲುವುದಿಲ್ಲ. ಅದಕ್ಕಾಗಿ 3ನೆಯ ಪಿನ್ನಿನ ಮಿಡಿತ ಕಾಣುವಂತೆ ಟ್ರಾನ್ಸಿಸ್ಟರಿನ ಮೂಲಕ ಒಂದು ಎಲ್‌ಇಡಿಯನ್ನು ಹಾಕಿ, ಕಾಂಟ್ಯಾಕ್ಟರಿನ ಕಾಯಿಲಿಗೆ ಸರಣಿಯಲ್ಲಿ ಮೇಲಿನ ಟ್ಯಾಂಕು ತುಂಬಿದಾಗ ತಾನಾಗಿ ಬಿಡಿಸಿಕೊಳ್ಳುವ ಫ್ಲೋಟ್ ಸ್ವಿಚ್ಚನ್ನೂ ಸೇರಿಸಿದ್ದೇನೆ.