ಯಿರ್ಗಚೆಫೆಯಲ್ಲಿ ಸಿಕ್ಕ ನಮ್ಮನೆ ಎಸಿ

ನಮ್ಮ ಮಲೆನಾಡಲ್ಲಿ ಮರ್ಯಾದೆ ಇರೋ ಕಾಫಿ ಅಂದ್ರೆ ಎಪಿ, ಅರೇಬಿಕಾ ಪಾರ್ಚ್‌ಮೆಂಟು, ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ಮಿಷನ್ನಿಗೆ ಹಾಕಿ ತೊಳೆದು ಒಣಗಿಸಿದ್ದು. ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ್ರೆ ಅದು ಎಸಿ, ಅರೇಬಿಕಾ ಚೆರಿ, ರೇಟೂ ಕಮ್ಮಿ. ಅದೇ ತರ ಒಣಗಿಸಿದ್ದನ್ನ ಬೆಂಗಳೂರಿನ ಒಂದು ಕೆಫೆಲಿ 'ಯಿರ್ಗಚೆಫೆ ನ್ಯಾಚುರಲ್' ಅಂತ ಕೊಟ್ರು (ಯಿರ್ಗಚೆಫೆ ಇಥಿಯೋಪಿಯಾದ ಒಂದು ಊರು), ಕುಡಿದ್ರೆ ಕಾಫಿನೋ ಹಣ್ಣಿನ ಶರಬತ್ತೋ ಗೊತ್ತಾಗ್ಲಿಲ್ಲ. ಅದೇ ತಲೇಲಿ ಕೂತು ಡಿಸೆಂಬರ್‌ನಲ್ಲಿ ಇಥಿಯೋಪಿಯಾಗೆ ಹೊರಟೇಬಿಟ್ಟೆ, ಅದೂ ಮನೇಲಿ ಕುಯ್ಲು ನಡೀತಿರೋವಾಗ, ಅಪ್ಪನ ಬೈಗುಳ ಕೇಳ್ಬೇಡಿ.

ಅಡಿಸ್ ಅಬಾಬಾದಿಂದ ದಕ್ಷಿಣಕ್ಕೆ ಸುಮಾರು 400 ಕಿ.ಮೀ. ಡ್ರೈವರ್ ಹನ್ನೆರಡಕ್ಕೆ ಬರ್ತೀನಿ ಅಂದಿದ್ದ, ನಾನು ಮಧ್ಯಾಹ್ನ ಅನ್ಕೊಂಡು ಮಲಗಿದ್ರೆ ಬೆಳಗ್ಗೆ 6ಕ್ಕೇ ಬಾಗಿಲು ಬಡಿದ. ಅಲ್ಲಿ ಗಂಟೆ ಲೆಕ್ಕ ಶುರುವಾಗೋದು ಬೆಳಗಾದ ಮೇಲೆ, ನಮ್ಮ 7 ಅವರ 1. ಹವಾಸಾ, ಡಿಲ್ಲಾ ದಾಟಿ ಯಿರ್ಗಚೆಫೆ ಇರೋ ಗೆಡಿಯೊ ಸೀಮೆ ಬೆಟ್ಟ ಹತ್ತಿದ್ವಿ.

ತೋಟ ಎಲ್ಲಿ ಅಂತ ಕೇಳ್ದೆ, ಯಾಕಂದ್ರೆ ಎಸ್ಟೇಟ್ ಗೇಟು, ಆಳುಗಳ ಲೈನ್ ಮನೆ, ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸು ಏನೂ ಕಾಣ್ತಿಲ್ಲ. ಮನೆ ಹಿತ್ತಲೇ ತೋಟ! ಮೇಲೆ ದೊಡ್ಡ ಮರ, ಕೆಳಗೆ ಬಾಳೆ ತರ ಇರೋ ಎನ್ಸೆಟ್, ಸಂದೀಲಿ ಕಾಫಿ. ಎನ್ಸೆಟ್‌ನ ದಿಂಡು, ಗೆಡ್ಡೆ ಹೆರೆದು ಹುಳಿ ಬರಿಸಿ ಕೊಚೊ ಅಂತ ರೊಟ್ಟಿ ಮಾಡ್ತಾರೆ, ನನಗೆ ಎರಡು ತುತ್ತಿಗೇ ಸಾಕಾಯ್ತು. ಹೆಚ್ಚಿನವರಿಗೆ ಒಂದು ಹೆಕ್ಟೇರೂ ಜಮೀನಿಲ್ಲ. ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದು ಈ ಗೆಡಿಯೊ ಸೀಮೆನೇ. ನಾವು ನಿಂತಿದ್ದ ಜಾಗ 2,000 ಮೀಟರ್ ಅಂತೆ, ಅಂದ್ರೆ ಮುಳ್ಳಯ್ಯನಗಿರಿ ತುದಿಗಿಂತ ಮೇಲೆ ಕಾಫಿ ಬೆಳೀತಿದೆ! ರಾತ್ರಿ ಥಂಡಿಗೆ ಹಣ್ಣಾಗೋದೂ ನಿಧಾನ.

ಸಂಜೆ ಜನ ಚೀಲ ಹೊತ್ಕೊಂಡು ವಾಷಿಂಗ್ ಸ್ಟೇಷನ್‌ಗೆ ಬಂದು ಹಣ್ಣು ತೂಕ ಹಾಕಿಸ್ತಾರೆ (ಹಣ್ಣು ತಗೊಂಡು ಹದ ಮಾಡೋ ಜಾಗ ಅದು, ತೊಳೆಯದ ಕಾಫಿ ಮಾಡೋ ಜಾಗಕ್ಕೂ ವಾಷಿಂಗ್ ಸ್ಟೇಷನ್ ಅಂತಾನೇ ಹೆಸರು, ಏನ್ ಮಾಡೋದು). ಗುಡ್ಡದ ಇಳಿಜಾರಲ್ಲಿ ಸೊಂಟದೆತ್ತರಕ್ಕೆ ಕಂಬ ನೆಟ್ಟು ಬಲೆ ಹಾಸಿದ ಉದ್ದುದ್ದ ಮಂಚಗಳು, ನೆಲ ಎಲ್ಲೂ ತಾಗಲ್ಲ, ಕೆಳಗಿಂದಲೂ ಗಾಳಿ ಆಡುತ್ತೆ. ಎರಡೂ ಕಡೆ ಹೆಂಗಸರು ನಿಂತು ಹಾಡು ಹೇಳ್ಕೊಂಡು ಕೈಯಲ್ಲೇ ಹಣ್ಣು ತಿರುವಿ ಹಾಕ್ತಾ, ಗ್ರೀನು (ಹಣ್ಣಾಗದ ಕಾಯಿ), ಹುಳುಕು, ಒಡೆದದ್ದು ಆರಿಸಿ ಬಿಸಾಕ್ತಾರೆ. ನಾನೂ ಕೈ ಹಾಕ್ದೆ, ಅಂಟು ಅಂಟು, ಕಳಿತ ಹಲಸಿನ ಹಣ್ಣು ಬಿಡಿಸಿದ ಹಾಗೆ ಘಮ, ಸುತ್ತ ಜೇನುನೊಣ. ಒಂದು ಗ್ರೀನ್ ಕಾಯಿ ನನ್ನ ಕಣ್ಣು ತಪ್ಪಿಸ್ಕೊಂಡಿತ್ತು, ಪಕ್ಕದ ಅಜ್ಜಿ ಅದನ್ನ ಎತ್ತಿ ನನ್ನ ಅಂಗೈಲಿಟ್ಟು ನಕ್ಕಳು. ಮಧ್ಯಾಹ್ನ ಬಿಸಿಲು ಜೋರಾದ್ರೆ ಮುಚ್ಚೋದು, ರಾತ್ರಿ ಮುಚ್ಚೋದು, ಹೀಗೆ ಎರಡು ಮೂರು ವಾರ.

ನಾವು ಎಸಿಗೆ ಹಾಕೋದೇನು ಹೇಳಿ? ಕುಯ್ಲಿನ ಕೊನೇಲಿ ಗಿಡದಿಂದ ಪೂರ್ತಿ ಕಿತ್ತು ಹಾಕೋ ಸ್ಟ್ರಿಪ್ಪಿಂಗ್ ಕಾಯಿ, ಉದುರಿದ್ದು, ಪಲ್ಪರ್‌ಗೆ ಬೇಡವಾದ ಗ್ರೀನು. ಹಾಸೋದು ದಪ್ಪಕ್ಕೆ, ತಿರುವೋದು ಕಾಲಲ್ಲಿ. ಅದಕ್ಕೆ ಹಣ್ಣಿನ ರುಚಿ ಎಲ್ಲಿಂದ ಬರ್ಬೇಕು.

ಊಟ ಆದ್ಮೇಲೆ ಒಂದು ಮನೇಲಿ ಬುನ, ಅಂದ್ರೆ ಅವರ ಕಾಫಿ ಶಾಸ್ತ್ರ ಆಯ್ತು. ಬೀಜ ಅಲ್ಲೇ ಹುರಿದು ಕುಟ್ಟಿ, ಜೆಬೆನ ಅನ್ನೋ ಮಣ್ಣಿನ ಹೂಜೀಲಿ ಕುದಿಸಿ, ಅಬೊಲ್, ತೋನ, ಬರಕ ಅಂತ ಮೂರು ಸುತ್ತು. ಮೂರೂ ಕುಡಿದೆ, ನಿದ್ದೆ ಬರ್ಲಿಲ್ಲ.

ರಾತ್ರಿ ಆ ಹಣ್ಣು ಒಣಗಿಸೋ ಮಂಚದ ವಿಡಿಯೋ ಅಪ್ಪಂಗೆ ಕಳಿಸ್ದೆ. ತಕ್ಷಣ ಫೋನು. "ಇದು ಎಸಿ ಅಲ್ವನಾ? ಇದ್ನ ನೋಡಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಆ ಬಲೆ ಎಷ್ಟು ಅಗಲ ಐತೆ, ಅಳತೆ ತಗಂಡ್ಯಾ?"