ತೆಂಗಿನ ಬುಡಕ್ಕೆ ಸುರಿದ ಹಾಲು

ಬೆಳಿಗ್ಗೆ ಐದೂವರೆ. ಮದ್ದೂರಿನ ಪಕ್ಕದ ನಮ್ಮೂರು, ನಮ್ಮ ಮನೆ ಕೊಟ್ಟಿಗೆ. ಅತ್ತಿಗೆ ಸೀಮೆ ಹಸುವಿನ ಪಕ್ಕ ಕೂತು ಹಾಲು ಕರೆದರು. ಬಕೆಟ್ಟಿನಲ್ಲಿ ಐದು ಲೀಟರಿಗೆ ಕಡಿಮೆ ಇರಲಿಲ್ಲ. ಎದ್ದವರೇ ಸೀದಾ ಹಿತ್ತಲಿಗೆ ಹೋದರು. ನೊರೆ ಆರುವ ಮೊದಲೇ ಅಷ್ಟೂ ಹಾಲನ್ನು ತೆಂಗಿನ ಬುಡಕ್ಕೆ ಸುರಿದುಬಿಟ್ಟರು.

ಹಲ್ಲುಜ್ಜುತ್ತಾ ನಿಂತಿದ್ದ ನನಗೆ ಎದೆ ಧಸಕ್ಕೆಂದಿತು.

"ಅಯ್ಯೋ, ಯಾಕತ್ತಿಗೆ?"

"ಕೆಚ್ಚಲು ಬಾವು ಕಣಮ್ಮಿ. ನೆನ್ನೆ ದನದ ಡಾಕ್ಟ್ರು ಬಂದು ಸೂಜಿ ಹಾಕವ್ರೆ. ನಾಕು ದಿನ ಡೈರಿಗೆ ಹಾಕ್ಬೇಡಿ ಅಂದವ್ರೆ."

"ಕರುಗೂ ಬೇಡ್ವಾ?"

"ಔಷಧಿ ಹಾಲು ಅದು. ಕರುಗೆ ಇನ್ನೊಂದು ಹಸಿಂದು ಕುಡಿಸ್ತೀನಿ."

ಬಿಳಿ ಹಾಲು ಮಣ್ಣಿನಲ್ಲಿ ಇಂಗುವವರೆಗೂ ನೋಡುತ್ತಾ ನಿಂತಿದ್ದೆ. ಮನೆಯಲ್ಲಿ ಕರೆಯುವುದು ಎರಡೇ ಹಸು. ಈ ಹಸು ಬೆಳಿಗ್ಗೆ ಐದು, ಸಂಜೆ ನಾಲ್ಕು ಲೀಟರ್ ಕೊಡುತ್ತದೆ. ನಾಲ್ಕು ದಿನಕ್ಕೆ 36 ಲೀಟರ್. ಸಾವಿರ ರೂಪಾಯಿಗೂ ಜಾಸ್ತಿ. ಸೂಜಿ, ಔಷಧಿಯ ಖರ್ಚು ಬೇರೆ. ಬೂಸ, ಹಿಂಡಿಯನ್ನು ಆ ನಾಲ್ಕು ದಿನವೂ ಹಾಕಲೇಬೇಕು. ಹಸುವಿಗೆ ಹಸಿವು ನಿಲ್ಲಲ್ಲ ಅಲ್ವಾ?

ನಾನಿರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ರಜೆಗೆ ಬಂದಾಗಲೆಲ್ಲ ನೆಂಟರು ಕೇಳುವ ಮಾತು ಒಂದಿದೆ. "ಅಲ್ಲಿ ಹಾಲು ಶುದ್ಧ ಅಲ್ವಾ? ಎಲ್ಲಾ ಆರ್ಗ್ಯಾನಿಕ್ ಅಂತೆ?" ಇಷ್ಟು ದಿನ ಸುಮ್ನೆ ಹೂಂ ಅಂದು ಮುಂದೆ ಹೋಗುತ್ತಿದ್ದೆ. ಈ ಸಲ ಸರಿಯಾಗಿ ಹೇಳಬೇಕು ಅನ್ನಿಸಿದೆ.

ಎಲ್ಲಾ ಆರ್ಗ್ಯಾನಿಕ್ ಅಲ್ಲ. ಅಂಗಡಿಯಲ್ಲಿ ಸಿಗುವ ಬಹುಪಾಲು ಹಾಲು ಮಾಮೂಲಿ ಹಾಲೇ. ಆದರೆ ಕೆಲವು ಕಾಫಿ ಅಂಗಡಿಗಳು ಆರ್ಗ್ಯಾನಿಕ್ ಹಾಲನ್ನೇ ಬಳಸುತ್ತವೆ. ಬ್ರಿಟನ್ನಿನ ಮೆಕ್‌ಡೊನಾಲ್ಡ್ಸ್ ಕೂಡ 2007ರಿಂದ ಟೀ, ಕಾಫಿಗೆ ಆರ್ಗ್ಯಾನಿಕ್ ಹಾಲು ಹಾಕುತ್ತಿದೆ ಅಂದರೆ ಊರಲ್ಲಿ ಯಾರೂ ನಂಬಲ್ಲ. ಬರ್ಗರ್ ಅಂಗಡಿ, ಆದರೂ ನಿಜ.

ಆ ಹಾಲಿಗೆ ಮೊಹರು ಕೊಡುವ ಸಂಸ್ಥೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಸಾಯಿಲ್ ಅಸೋಸಿಯೇಷನ್. 1946ರಲ್ಲಿ ಶುರುವಾದದ್ದು. ಅದರ ಕಚೇರಿ ನಮ್ಮ ಬ್ರಿಸ್ಟಲ್‌ನಲ್ಲೇ ಇದೆ. ಮೊಹರು ಬೇಕೆಂದರೆ ಹುಲ್ಲು ಬೆಳೆಯುವ ನೆಲಕ್ಕೆ ಯೂರಿಯಾದಂಥ ಗೊಬ್ಬರ ಹಾಕುವಂತಿಲ್ಲ. ಹಸುವಿನ ಮೇವಿನಲ್ಲಿ ಒಣ ತೂಕದ ಲೆಕ್ಕಕ್ಕೆ ಕನಿಷ್ಠ ನೂರಕ್ಕೆ 60 ಪಾಲು ಹುಲ್ಲು, ಸೊಪ್ಪು ಇರಬೇಕು. ಕುಲಾಂತರಿ ಮೇವು ಕೂಡದು. ಕರುವಿಗೆ 90 ದಿನವಾದರೂ ನಿಜವಾದ ಹಾಲು ಕುಡಿಸಬೇಕು. ಹಾಗಂತ ಕರು ತಾಯಿ ಜೊತೆಗೇ ಇರುತ್ತದೆ ಅಂದುಕೊಳ್ಳಬೇಡಿ. ಆರ್ಗ್ಯಾನಿಕ್ ಫಾರ್ಮಿನಲ್ಲೂ ಬಹಳ ಕಡೆ ಬೇರೆ ಮಾಡಿಯೇ ಸಾಕುತ್ತಾರೆ. ಕರು ಬಿಟ್ಟು, ಸೊರೆ ಬಿಡಿಸಿ, ಆಮೇಲೆ ಹಾಲು ಕರೆಯುವ ನಮ್ಮ ಅವ್ವನ ಕ್ರಮ ನೆನೆದರೆ ಅದೊಂದು ನನಗೆ ಈಗಲೂ ಸಂಕಟ.

ಇನ್ನು ಔಷಧಿ ವಿಚಾರ. ಕಾಯಿಲೆ ಬರಬಾರದು ಅಂತ ಮುಂಚೆಯೇ ಆ್ಯಂಟಿಬಯೋಟಿಕ್ ಕೊಡುವಂತಿಲ್ಲ. ಕಾಯಿಲೆ ಬಂದರೆ ಕೊಡಲೇಬೇಕು, ಹಸು ನರಳಲು ಬಿಡುವಂತಿಲ್ಲ. ಆದರೆ ಔಷಧಿ ಕೊಟ್ಟ ಮೇಲೆ ಮಾಮೂಲಿ ಹಸುವಿನ ಹಾಲನ್ನು ಎಷ್ಟು ದಿನ ಮಾರದೆ ಬಿಡಬೇಕೋ, ಆರ್ಗ್ಯಾನಿಕ್ ಹಸುವಿನದನ್ನು ಅದರ ಎರಡು ಪಟ್ಟು ದಿನ ಬಿಡಬೇಕು. ವರ್ಷದಲ್ಲಿ ಮೂರು ಸಲಕ್ಕಿಂತ ಜಾಸ್ತಿ ಇಂಥ ಚಿಕಿತ್ಸೆ ಆದರೆ ಆ ಹಸುವಿನ ಹಾಲಿಗೆ ಮೊಹರು ಹೋಗುತ್ತದೆ.

ಇದನ್ನು ಅತ್ತಿಗೆಗೆ ಹೇಳಿದೆ. ಕ್ಯಾನ್ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು.

"ಅಂದ್ರೆ ನಾಕು ದಿನ ಸುರಿಯೋ ಕಡೆ ಎಂಟು ದಿನ ಸುರೀಬೇಕಾ?"

"ಹೂಂ ಅತ್ತಿಗೆ."

"ಆ ದುಡ್ಡು ಯಾರು ಕೊಡ್ತಾರೆ?"

ಅಷ್ಟು ವರ್ಷ ಆ ಮೊಹರು ನೋಡಿ ಕಾಫಿ ಕುಡಿದಿದ್ದೇನೆ. ಈ ಪ್ರಶ್ನೆ ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಉತ್ತರ ಇದೆ. ಕಾಫಿ ಕುಡಿಯುವವರು ಕೊಡುತ್ತಾರೆ. ಆರ್ಗ್ಯಾನಿಕ್ ಹಾಲಿಗೆ ರೈತನಿಗೆ ಸಿಗುವ ಬೆಲೆ ಹೆಚ್ಚು. ಕಮ್ಮಿ ಇಳುವರಿ, ದುಬಾರಿ ಮೇವು, ಚೆಲ್ಲಿದ ಹಾಲು, ಎಲ್ಲವನ್ನೂ ಆ ಹೆಚ್ಚಿನ ಬೆಲೆಯೇ ತುಂಬಿಕೊಡಬೇಕು. ಹಾಗಂತ ಅಲ್ಲಿ ರೈತರೆಲ್ಲ ಸುಖವಾಗಿದ್ದಾರೆ ಅಂತಲ್ಲ. 2015ರಲ್ಲಿ ಅಲ್ಲಿಯ ಹೈನುಗಾರರು ಹಸುಗಳನ್ನೇ ಸೂಪರ್ ಮಾರ್ಕೆಟ್ ಒಳಗೆ ಹೊಡೆದುಕೊಂಡು ಹೋಗಿದ್ದರು. ಹಾಲಿಗೆ ಸಿಗುವ ದುಡ್ಡು ಹಸು ಸಾಕುವ ಖರ್ಚಿಗೂ ಸಾಲುತ್ತಿಲ್ಲ ಅನ್ನುವುದು ಅವರ ಗೋಳು. ಅಂಗಡಿಗಳು ಪೈಪೋಟಿಯಲ್ಲಿ ಹಾಲನ್ನು ಅಗ್ಗಕ್ಕೆ ಮಾರುತ್ತಿದ್ದ ಕಾಲ ಅದು.

ಅಲ್ಲಿನ ಒಂದು ಕಪ್ಪಿನಲ್ಲಿ ಎಷ್ಟೊಂದು ಮೊಹರು ಇರಬಹುದು ನೋಡಿ. ಕಾಫಿ ಬೀಜಕ್ಕೆ ಫೇರ್‌ಟ್ರೇಡ್ ಗುರುತು. ಅದು ಬೆಳೆಗಾರರಿಗೆ ಕನಿಷ್ಠ ಬೆಲೆಯ ಭರವಸೆ ಕೊಡುತ್ತದೆ. ಹಾಲಿಗೆ ಆರ್ಗ್ಯಾನಿಕ್ ಗುರುತು. ಅದು ಹಸು ಮತ್ತು ನೆಲದ ಬಗ್ಗೆ ಹೇಳುತ್ತದೆ. ಹಾಲು ಕರೆದವರ ಕೈಗೆ ಎಷ್ಟು ಸಿಕ್ಕಿತು ಅನ್ನುವುದಕ್ಕೆ ಆ ಕಪ್ಪಿನ ಮೇಲೆ ಯಾವ ಗುರುತೂ ಇಲ್ಲ.

ಮರುದಿನ ಕೆಲಸವಿತ್ತು ಅಂತ ಮೈಸೂರಿಗೆ ಹೋಗಿದ್ದೆ. ಗೋಕುಲಂ ಕಡೆ ಯೋಗ ಕಲಿಯಲು ಹೊರದೇಶದವರು ಬರುತ್ತಾರಲ್ಲ, ಅಲ್ಲೀಗ ಕೆಫೆಗಳು ಜಾಸ್ತಿ. ಒಂದರಲ್ಲಿ ಕೂತೆ. ಬೋರ್ಡಿನಲ್ಲಿ ಓಟ್ಸ್ ಹಾಲು, ಬಾದಾಮಿ ಹಾಲು, ಅದರ ಕೆಳಗೆ "ಆರ್ಗ್ಯಾನಿಕ್ ಎ2 ಹಾಲು". ಕೌಂಟರಿನ ಹುಡುಗನನ್ನು ಕೇಳಿದೆ.

"ಎಲ್ಲಿಂದ ಬರುತ್ತಪ್ಪ ಈ ಹಾಲು?"

"ಒಂದು ಫಾರ್ಮಿಂದ ಮೇಡಂ. ನಾಟಿ ಹಸುದು."

"ಆರ್ಗ್ಯಾನಿಕ್ ಅಂತ ಸರ್ಟಿಫಿಕೇಟ್ ಇದೆಯಾ?"

ಅವನು ಸ್ವಲ್ಪ ಯೋಚಿಸಿದ. "ಗೊತ್ತಿಲ್ಲ ಮೇಡಂ. ಇದುವರೆಗೆ ಯಾರೂ ಕೇಳಿಲ್ಲ."

ಸುಳ್ಳು ಹೇಳಲಿಲ್ಲ. ಅದಕ್ಕೆ ಅವನ ಮೇಲೆ ಗೌರವ ಬಂತು. ಆದರೆ ಓದುವವರಿಗೆ ಇಷ್ಟು ಗೊತ್ತಿರಲಿ. ಎ2 ಬೇರೆ, ಆರ್ಗ್ಯಾನಿಕ್ ಬೇರೆ. ಎ2 ಅಂದರೆ ಹಾಲಿನಲ್ಲಿರುವ ಒಂದು ಪ್ರೋಟೀನಿನ ಬಗೆ. ಹಳ್ಳಿಕಾರ್‌ನಂಥ ನಾಟಿ ತಳಿಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಹಸು ಏನು ತಿಂದಿತು, ಅದಕ್ಕೆ ಯಾವ ಔಷಧಿ ಕೊಟ್ಟರು ಅನ್ನುವುದನ್ನು ಎ2 ಅನ್ನುವ ಪದ ಹೇಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಪ್ಯಾಕೆಟ್ ಮೇಲಿನ ಎ2, ಅದೇ ಪ್ರೋಟೀನಿನ ಇನ್ನೊಂದು ಬಗೆಯಾದ ಎ1, ಈ ಹೆಸರುಗಳನ್ನು ತೆಗೆಯಿರಿ ಅಂದು, ಕೆಲವೇ ದಿನದಲ್ಲಿ ಆ ಆದೇಶ ವಾಪಸ್ ತೆಗೆದುಕೊಂಡಿತು. ಆರ್ಗ್ಯಾನಿಕ್ ಬೇಕು ಅನ್ನುವವರು ಪ್ಯಾಕೆಟ್ಟಿನ ಮೇಲೆ ಸರ್ಕಾರ ಒಪ್ಪಿದ ಆರ್ಗ್ಯಾನಿಕ್ ಗುರುತು ಹುಡುಕಬೇಕು.

ಆ ಕೆಫೆಯಲ್ಲಿ ಕೂತಾಗ ನನ್ನ ಮನಸ್ಸೆಲ್ಲ ನಮ್ಮೂರ ಡೈರಿಯಲ್ಲೇ ಇತ್ತು. ಅಲ್ಲಿ ಅತ್ತಿಗೆ ಹಾಲು ಸಹಕಾರ ಸಂಘದ ಸದಸ್ಯೆ. ಅವರಿಗೆ ಒಂದು ವೋಟಿದೆ. ಅವರು ಹಾಕಿದ ಹಾಲು ಗೆಜ್ಜಲಗೆರೆಯಲ್ಲಿರುವ ಮಂಡ್ಯ ಜಿಲ್ಲಾ ಹಾಲು ಒಕ್ಕೂಟವಾದ ಮನ್‌ಮುಲ್‌ಗೆ ಹೋಗಿ ನಂದಿನಿ ಪ್ಯಾಕೆಟ್ ಆಗುತ್ತದೆ. ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ನೋಡಿ ರೇಟು ಕಟ್ಟುತ್ತಾರೆ. ಜೊತೆಗೆ ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ, ನೇರವಾಗಿ ಅವರ ಖಾತೆಗೇ. ಅದು ತಡವಾಗಿ ಬಂದರೆ ಅತ್ತಿಗೆ ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳುತ್ತಾರೆ. ಹಾಲು ಮಾರುವ ಸಂಸ್ಥೆಯಲ್ಲಿ ಹೀಗೆ ಎದ್ದು ಕೇಳುವ ಹಕ್ಕು ಎಷ್ಟು ದೊಡ್ಡದು ಅಂತ ನನಗೆ ಹೊರಗಿದ್ದೇ ಗೊತ್ತಾಗಿದ್ದು.

ಹಾಗಾಗಿ ಮಂಡ್ಯದ ಮಾಮೂಲಿ ಹೋಟೆಲಿನ ಕಾಫಿಯನ್ನು ನಾನು ಕೀಳು ಅನ್ನುವುದಿಲ್ಲ. ಅದು ಆರ್ಗ್ಯಾನಿಕ್ ಅಲ್ಲ, ನಿಜ. ನಾಲೆ ನೀರಿನ ಗದ್ದೆಗೆ ಯೂರಿಯಾ ಬೀಳುತ್ತದೆ, ಆ ಹುಲ್ಲನ್ನೇ ಹಸು ತಿನ್ನುತ್ತದೆ. ಆದರೆ ಹಾಲು ಕರೆದವರೇ ಸದಸ್ಯರಾಗಿರುವ ವ್ಯವಸ್ಥೆಯ ಹಾಲು ಅದು.

ನನಗೆ ಕೊರೆಯುವುದು ಬೇರೆ. ಆ ನಾಲ್ಕು ದಿನದ ಹಾಲು. ಹಸು ಸತ್ತರೆ ವಿಮೆ ಇದೆ. ಔಷಧಿ ಹಾಲು ಅಂತ ಪ್ರಾಮಾಣಿಕವಾಗಿ ನೆಲಕ್ಕೆ ಸುರಿದವರಿಗೆ ಏನೂ ಇಲ್ಲ. ಮಗಳ ಫೀಸು ಕಟ್ಟಬೇಕಾದ ವಾರ ಕೆಚ್ಚಲು ಬಾವು ಬಂದರೆ, ಎರಡೇ ದಿನಕ್ಕೆ ಡೈರಿಗೆ ಹಾಕಿಬಿಡೋಣ ಅಂತ ಯಾರಿಗಾದರೂ ಅನ್ನಿಸಿದರೆ, ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಸೂಜಿ ಹಾಕಿದ ಡಾಕ್ಟರ ಚೀಟಿ ತೋರಿಸಿದರೆ, ಬಿಟ್ಟ ದಿನಗಳ ಹಾಲಿಗೆ ಅರ್ಧ ದುಡ್ಡಾದರೂ ಕೊಡಬೇಕು. ಲೀಟರಿಗೆ ಹತ್ತು, ಇಪ್ಪತ್ತು ಪೈಸೆ ಅದಕ್ಕೆಂದೇ ಜಾಸ್ತಿ ಕೊಡಿ ಅಂದರೆ ನಾನು ಖುಷಿಯಿಂದ ಕೊಡುತ್ತೇನೆ. ಗೋಕುಲಂನಲ್ಲಿ ಕಾಫಿಗೆ ನೂರಾರು ರೂಪಾಯಿ ಕೊಡುವ ನಾವು ಇಷ್ಟು ಕೊಡಲಾರೆವಾ?

ಮೈಸೂರಿನಲ್ಲಿ ಕೆಫೆ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಹಾಲು ಕೊಡುವ ಫಾರ್ಮಿಗೆ ಒಮ್ಮೆ ಹೋಗಿ ಬನ್ನಿ. ಕಾಯಿಲೆ ಹಸುವಿನ ಹಾಲು ಏನು ಮಾಡುತ್ತೀರಿ ಅಂತ ಕೇಳಿ. ಆ ನಷ್ಟಕ್ಕೆ ನೀವು ಏನು ಸೇರಿಸಿ ಕೊಡುತ್ತೀರಿ ಅನ್ನುವುದನ್ನೂ ಹೇಳಿ.

ಐದನೇ ದಿನ ಬೆಳಿಗ್ಗೆ ನಾನೂ ಅತ್ತಿಗೆ ಜೊತೆ ಕೊಟ್ಟಿಗೆಗೆ ಹೋದೆ. ಮೊದಲ ನಾಲ್ಕು ಹಿಂಡು ಹಾಲನ್ನು ಅಂಗೈಗೆ ಕರೆದು ಬಲ್ಬಿನ ಬೆಳಕಿಗೆ ಹಿಡಿದರು. ಹೆಪ್ಪು ಇರಲಿಲ್ಲ, ಗಂಟು ಇರಲಿಲ್ಲ. ಕೆಚ್ಚಲು ಮುಟ್ಟಿ ನೋಡಿದರು, ಬಿಸಿ ಇಳಿದಿತ್ತು. ಆದರೂ ಆ ಹೊತ್ತಿನ ಹಾಲು ತೆಂಗಿನ ಬುಡಕ್ಕೇ ಹೋಯಿತು.

"ನಾಕು ದಿನ ಆಯ್ತಲ್ಲ ಅತ್ತಿಗೆ?"

"ಸೂಜಿ ಹಾಕಿದ್ದು ಸಂಜೆ ಹೊತ್ತು ಕಣಮ್ಮಿ. ಸಂಜೆಯಿಂದ ಹಾಕುವ."

ಸಂಜೆ ಇಬ್ಬರೂ ಕ್ಯಾನ್ ಹಿಡಿದು ಡೈರಿಗೆ ಹೋದೆವು.