‘ಸಾಣೆಕಲ್ಲು’ ಟಿಪ್ಪಣಿ 9: ಟ್ರೈಲರಿನ 52ನೆಯ ಸೆಕೆಂಡು

ನಮ್ಮ ‘ಸಾಣೆಕಲ್ಲು’ ಕಿರುಚಿತ್ರದ ಟ್ರೈಲರಿನಲ್ಲಿ ಏಳು ವಾರಗಳಿಂದ ಕಾಡುತ್ತಿದ್ದ ಮೂರು ಸೆಕೆಂಡುಗಳ ತೊಡಕು ಕಳೆದ ಶನಿವಾರ ರಾತ್ರಿ ಬಗೆಹರಿಯಿತು. ಚಿತ್ರೀಕರಣ, ಮೊದಲ ಸಂಕಲನ, ಬಣ್ಣದ ಹೊಂದಾಣಿಕೆ ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳೇ ಆದ್ದರಿಂದ ಅವನ್ನು ಬಿಟ್ಟು, ಟ್ರೈಲರಿನ 52ನೆಯ ಸೆಕೆಂಡಿನಲ್ಲಿ ಏನಾಗುತ್ತಿತ್ತು ಮತ್ತು ಈಗ ಏನಾಗುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆದಿಡುತ್ತೇನೆ.

ಹೊಸಬರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ನಮ್ಮದು 19 ನಿಮಿಷಗಳ ಕಿರುಚಿತ್ರ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬೀದಿ ಬೀದಿ ತಿರುಗುತ್ತ ಸಾಣೆ ಹಿಡಿಯುವ ಮುದುಕನೊಬ್ಬನ ಬಳಿ ಬೆಳಿಗ್ಗೆ ಒಬ್ಬ ಹುಡುಗ ಎಳನೀರು ಕೊಚ್ಚುವ ಮಚ್ಚನ್ನು ಹರಿತ ಮಾಡಿಸಿಕೊಂಡು ಹೋಗುತ್ತಾನೆ. ಸಂಜೆಯ ಹೊತ್ತಿಗೆ ಅದೇ ಮಚ್ಚಿನಿಂದ ಪಕ್ಕದ ಓಣಿಯಲ್ಲಿ ಒಂದು ಕೊಲೆಯಾಗುತ್ತದೆ. ಕೊಲೆ ಚಿತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಅದನ್ನು ಕೇಳಿಸಿಕೊಂಡ ಮುದುಕನೇ ಚಿತ್ರ. ಆ ಪಾತ್ರವನ್ನು ಮಾಡಿದವರು ನನ್ನ ದೊಡ್ಡಪ್ಪ. ಅವರು ಪ್ರಾಯದಲ್ಲಿ ಕೆಲಕಾಲ ನಿಜವಾಗಿಯೂ ಸಾಣೆ ಹಿಡಿದವರು.

ಟ್ರೈಲರಿನ ಮೊದಲ ಆವೃತ್ತಿಯನ್ನು ನಾನು ಒಂದೇ ರಾತ್ರಿಯಲ್ಲಿ ಕತ್ತರಿಸಿ ಮುಗಿಸಿದ್ದೆ. ಕಲ್ಲಿನಿಂದ ಕಿಡಿ ಹಾರುತ್ತದೆ, ಅಂಚಿನ ಮೇಲೆ ಬೆರಳು ಸರಿಯುತ್ತದೆ, ತಮಟೆ ಏರುತ್ತದೆ, ಮೇಲೆತ್ತಿದ ಮಚ್ಚು 9 ಫ್ರೇಮುಗಳ ಕಾಲ (ಅರ್ಧ ಸೆಕೆಂಡಿಗೂ ಕಡಿಮೆ) ಕಾಣುತ್ತದೆ, ಆಮೇಲೆ ಕಪ್ಪು ಪರದೆ, ಅದರ ಮೇಲೆ ಒಂದು ಭಾರಿ ಏಟಿನ ಸದ್ದು, ನಂತರ ಹೆಸರು. (ಎತ್ತಿದ ಮಚ್ಚಿನ ಆ ಶಾಟ್ ಚಿತ್ರದಲ್ಲಿಲ್ಲ, ಟ್ರೈಲರಿಗೆಂದೇ ಬೇರೆ ತೆಗೆದದ್ದು.) ನಮ್ಮ ಭಾನುವಾರದ ಗುಂಪಿನ ಹನ್ನೊಂದು ಜನ ನೋಡಿದರು, ಇಬ್ಬರು ಸಿಳ್ಳೆ ಹೊಡೆದರು, ಒಬ್ಬರು ಫೈಟು ಎಷ್ಟಿವೆ ಎಂದು ಕೇಳಿದರು. ಆದರೆ ದೊಡ್ಡಪ್ಪ ಮೌನವಾಗಿದ್ದು, ಎಲ್ಲರೂ ಎದ್ದು ಹೋದ ಮೇಲೆ ಕೇಳಿದರು: “ಅಲ್ಲಪ್ಪಾ, ಇದ್ರಲ್ಲಿ ನಾನು ಯಾರನ್ನ ಕೊಂದೆ?”

ಅವರು ಕೇಳಿದ್ದು ನಿಜವಾಗಿತ್ತು. ಸಾಣೆ ಹಿಡಿಯುವ ಕೈಯ ಶಾಟ್ ಆದ ಕೂಡಲೇ ಎತ್ತಿದ ಮಚ್ಚಿನ ಶಾಟ್ ಬಂದರೆ, ನೋಡುವ ಕಣ್ಣು ಎರಡೂ ಕೈ ಒಂದೇ ಎಂದು ತೀರ್ಮಾನಿಸಿಬಿಡುತ್ತದೆ. ರಷ್ಯದ ಚಿತ್ರ ನಿರ್ದೇಶಕ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ತೋರಿಸಿದ್ದು ಇದನ್ನೇ ಅಲ್ಲವೇ? ಅದನ್ನು ಓದಿಯೂ, ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತದ ಒಬ್ಬ ಮನುಷ್ಯನನ್ನು ಒಂದು ನಿಮಿಷ ಇಪ್ಪತ್ತು ಸೆಕೆಂಡುಗಳಲ್ಲಿ ನಾನು ಕೊಲೆಗಾರನನ್ನಾಗಿ ಮಾಡಿದ್ದೆ. ಯಾಕೆ ಹಾಗೆ ಕತ್ತರಿಸಿದೆ ಎಂದು ಯೋಚಿಸಿದಾಗ, ಕೈಗೆ ಅಭ್ಯಾಸವಾಗಿದ್ದ ವ್ಯಾಕರಣ ಅದೊಂದೇ ಎಂಬುದು ತಿಳಿಯಿತು.

ಆ ವ್ಯಾಕರಣ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದಕ್ಕೆ 1995ರ ‘ಓಂ’ ಚಿತ್ರವನ್ನು ನೆನೆದರೆ ಸಾಕು. ಉಪೇಂದ್ರ ನಿರ್ದೇಶಿಸಿ ಶಿವರಾಜ್‌ಕುಮಾರ್ ನಟಿಸಿದ ಆ ಚಿತ್ರ ಕರ್ನಾಟಕದಲ್ಲಿ ನೂರಾರು ಬಾರಿ ಮರುಬಿಡುಗಡೆಯಾಗಿದ್ದು, ಪ್ರತಿ ಬಾರಿಯೂ ಗೋಡೆಗಳ ಮೇಲೆ ಹೊಸ ಪೋಸ್ಟರು ಬಂದಿದೆ. ಅರ್ಚಕನ ಮಗನೊಬ್ಬ ರೌಡಿಯಾಗುವ, ಅದರ ಬೆಲೆ ತೆರುವ ಕಥೆ ಅದು. ಆದರೂ ನಂತರ ಬಂದ ಹತ್ತಾರು ಚಿತ್ರಗಳ ಪ್ರಚಾರ ಅದರಿಂದ ಎತ್ತಿಕೊಂಡದ್ದು ಬೆಲೆ ತೆರುವ ಭಾಗವನ್ನಲ್ಲ, ಲಾಂಗು ಹಿಡಿದು ನಿಂತ ನಾಯಕನ ನಿಲುವನ್ನು. ನಾನು ಬೆಳೆದದ್ದು ಆ ಪೋಸ್ಟರುಗಳ ನಡುವೆ. ಅವುಗಳಲ್ಲಿ ಆಯುಧ ಯಾವಾಗಲೂ ಮೇಲೇರಿರುತ್ತದೆ, ಬಿದ್ದಿರುವುದಿಲ್ಲ. ಅದು ಯಾರ ಮೇಲೆ ಬೀಳಲಿದೆಯೋ ಅವನು ಕಾಗದದ ಅಂಚಿನ ಆಚೆ ಇರುತ್ತಾನೆ.

ಇದರಲ್ಲಿ ನಿಯಮಗಳ ಪಾಲೂ ಇದೆ. ನಮ್ಮಲ್ಲಿ ಚಿತ್ರಮಂದಿರದಲ್ಲಿ ತೋರಿಸುವ ಟ್ರೈಲರಿಗೂ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಅಮೆರಿಕದಲ್ಲಿ ಪೋಸ್ಟರು ಮತ್ತು ಟ್ರೈಲರುಗಳನ್ನು ಅಲ್ಲಿನ ಚಿತ್ರೋದ್ಯಮದ ಸಂಘವೇ ಮೊದಲು ಪರಿಶೀಲಿಸುತ್ತದೆ. ಗಾಯ ತೋರಿಸಿದರೆ ತೊಂದರೆ, ಆಯುಧ ತೋರಿಸಿದರೆ ಅಷ್ಟಿಲ್ಲ. ಹೀಗಾಗಿ ಏಟು ಬೀಳುವ ಕ್ಷಣಕ್ಕೆ ಕತ್ತರಿಸುವುದು ನಿಯಮಕ್ಕೂ ಅನುಕೂಲ, ಮಾರಾಟಕ್ಕೂ ಅನುಕೂಲ. 2021ರ ಜನವರಿಯಲ್ಲಿ ‘ಕೆಜಿಎಫ್ ಚಾಪ್ಟರ್ 2’ ಟೀಸರ್ ಬಂದಾಗ, ನಾಯಕ ಕಾದ ಬಂದೂಕಿನ ನಳಿಗೆಗೆ ಸಿಗರೇಟು ತಾಗಿಸಿ ಹಚ್ಚಿಕೊಳ್ಳುವ ದೃಶ್ಯಕ್ಕಾಗಿ ರಾಜ್ಯದ ತಂಬಾಕು ನಿಯಂತ್ರಣ ಘಟಕದಿಂದ ನೋಟಿಸು ಬಂದಿತ್ತು. ಸಿಗರೇಟಿಗೆ ಕಾನೂನಿತ್ತು, ಅದರ ಪ್ರಕಾರ ಅವರು ನಡೆದುಕೊಂಡರು. ನಾನು ಆ ಟೀಸರನ್ನು ಫ್ರೇಮು ಫ್ರೇಮಾಗಿ ನೋಡಿದ್ದು ಬೇರೆ ಕಾರಣಕ್ಕೆ: ಅಷ್ಟು ಗುಂಡು ಹಾರಿದರೂ ಕಣ್ಣಿಗೆ ಕಟ್ಟುವಂತೆ ನುಚ್ಚುನೂರಾಗುವುದು ಜೀಪುಗಳು. ಜೀಪಿಗೆ ನೋವಾಗುವುದಿಲ್ಲವಾದ್ದರಿಂದ ನಾವು ಅಳುಕಿಲ್ಲದೆ ನೋಡುತ್ತೇವೆ.

ಎರಡನೆಯ ಆವೃತ್ತಿಯಲ್ಲಿ ಮಚ್ಚು ಎತ್ತುವ ಶಾಟನ್ನೇ ತೆಗೆದುಹಾಕಿದೆ. ಅದು ಗುಡಿಕೈಗಾರಿಕೆಯ ಸಾಕ್ಷ್ಯಚಿತ್ರದಂತೆ ಕಂಡಿತು. ನೋಡಿದವರಲ್ಲಿ ಒಬ್ಬರಿಗೂ ಇದರಲ್ಲಿ ಕೊಲೆಯಿದೆ ಎಂದು ಅನಿಸಲಿಲ್ಲ. ಅದೂ ಸುಳ್ಳೇ. ಮೂರನೆಯದಕ್ಕೆ ಜರ್ಮನ್ ಚಿತ್ರಗಳ ನಿರ್ದೇಶಕ ಫ್ರಿಟ್ಸ್ ಲಾಂಗ್ ನೆರವಾದ. 1931ರ ಅವನ ‘ಎಂ’ ಚಿತ್ರದಲ್ಲಿ ಮಗುವಿನ ಕೊಲೆಯನ್ನು ತೋರಿಸದೆ, ಉರುಳಿ ಬಂದು ನಿಲ್ಲುವ ಒಂದು ಚೆಂಡು ಮತ್ತು ತಂತಿಗೆ ಸಿಕ್ಕಿಕೊಂಡ ಒಂದು ಬಲೂನಿನಲ್ಲಿ ಎಲ್ಲವನ್ನೂ ಹೇಳಿದ್ದಾನೆ. ನಾನು ಅದೇ ದಾರಿ ಹಿಡಿದು, ತಿರುಗುವ ಚಕ್ರ, ಓಣಿಯ ತಿರುವು, ದೊಡ್ಡಪ್ಪನ ಮುಖ ಈ ಮೂರನ್ನು 52ನೆಯ ಸೆಕೆಂಡಿಗೆ ಜೋಡಿಸಿದೆ. ದೃಶ್ಯ ಸರಿಹೋಯಿತು. ಧ್ವನಿ ಕೈಕೊಟ್ಟಿತು.

ಧ್ವನಿ ಮಾರುವವರ ಬಗ್ಗೆ ನನ್ನ ದೂರನ್ನು ಇಲ್ಲಿ ದಾಖಲಿಸಲೇಬೇಕು. ನಾನು ದುಡ್ಡು ಕೊಟ್ಟು ಇಳಿಸಿಕೊಂಡ ಕಟ್ಟಿನಲ್ಲಿ ಆಯುಧದ್ದೆಂದು ನಲವತ್ತು ಸದ್ದುಗಳಿದ್ದವು. ಕೇಳಿ ನೋಡಿದರೆ ಮೂರೇ ಮೂರು ಸದ್ದುಗಳನ್ನು ವೇಗ ಹೆಚ್ಚಿಸಿ, ತಗ್ಗಿಸಿ ನಲವತ್ತು ಮಾಡಿದ್ದರು. ಮೇಲಾಗಿ ಎಲ್ಲದರಲ್ಲೂ ಉಕ್ಕು ಉಕ್ಕಿಗೆ ಉಜ್ಜಿದ ‘ಶ್ರಿಂಗ್’ ಎಂಬ ನಾದ. ಗೋಣಿಚೀಲದಿಂದ ಹೊರಗೆ ಎಳೆದ ಮಚ್ಚು ಹಾಗೆ ಹಾಡುವುದಿಲ್ಲ, ನಾವು ಹತ್ತು ಸಲ ಎಳೆದು ರೆಕಾರ್ಡ್ ಮಾಡಿ ನೋಡಿದ್ದೇವೆ. ಅದು ಗೋಣಿಯ ಒರಟು ಸದ್ದನ್ನಷ್ಟೇ ಮಾಡುತ್ತದೆ. ಆ ಹಾಡು ಆಯುಧಕ್ಕೆ ಸಿನಿಮಾ ತೊಡಿಸಿದ ಆಭರಣ. ಆ ಆಭರಣವಿರುವವರೆಗೂ ದೊಡ್ಡಪ್ಪನ ಮುಖ ಎಷ್ಟು ಹೊತ್ತು ಕಂಡರೂ ನೋಡುವವರು ಮಚ್ಚಿನ ಪಕ್ಷವನ್ನೇ ವಹಿಸುತ್ತಿದ್ದರು.

ಹಾಗಾಗಿ ಹಿತ್ತಿಲಿನಲ್ಲಿ ನಮ್ಮದೇ ಧ್ವನಿಗಳನ್ನು ಹಿಡಿಯಲು ಕುಳಿತೆವು. 1960ರ ‘ಸೈಕೋ’ ಚಿತ್ರದಲ್ಲಿ ಇರಿತದ ಸದ್ದಿಗೆ ನಿರ್ದೇಶಕ ಹಿಚ್‌ಕಾಕ್ ಆರಿಸಿದ್ದು ಕಸಾಬಾ ಎಂಬ ಒಂದು ಬಗೆಯ ಕರಬೂಜದ ಹಣ್ಣನ್ನು. ನಮಗೆ ಸಿಕ್ಕಿದ್ದು ಬಾಳೆದಿಂಡು, ಕುಂಬಳಕಾಯಿ, ಒದ್ದೆ ಗೋಣಿ ಸುತ್ತಿದ ಎಲೆಕೋಸು. ಬಾಳೆದಿಂಡಿನ ಸದ್ದು ಭಯಂಕರವಾಗಿಯೇ ಬಂತು, ನೀರು ತುಂಬಿದ ನಾರು ಹರಿಯುವ ಆ ಸದ್ದನ್ನು ಹೆಡ್‌ಫೋನಿನಲ್ಲಿ ಕೇಳಿದಾಗ ಹೊಟ್ಟೆ ತೊಳಸಿತು. ಆದರೆ ಟ್ರೈಲರಿನಲ್ಲಿ ಕೂರಿಸಿದಾಗ ಅದು ಗಾಯವನ್ನು ಕಿವಿಯ ಮೂಲಕ ತೋರಿಸುವ ಇನ್ನೊಂದು ಉಪಾಯವಾಯಿತೇ ಹೊರತು ಬೇರೇನೂ ಅಲ್ಲ. ಮೂರು ಭಾನುವಾರಗಳು, ಒಂಬತ್ತು ದಿಂಡುಗಳು, ಆರು ಕುಂಬಳಕಾಯಿಗಳು ಹೀಗೆ ಹೋದವು.

ಆಗ ನನಗೆ ಮತ್ತೆ ನೆನಪಾದದ್ದು ‘ಸೈಕೋ’ದ ಟ್ರೈಲರು. ಆರು ನಿಮಿಷಕ್ಕೂ ಮೀರಿದ ಅದರಲ್ಲಿ ಹಿಚ್‌ಕಾಕ್ ತಾನೇ ಮನೆಯನ್ನೂ ಮೋಟೆಲನ್ನೂ ಸುತ್ತಾಡಿಸಿ, ಇಲ್ಲಿ ಹೀಗಾಯಿತು, ಅಲ್ಲಿ ಹಾಗಾಯಿತು ಎನ್ನುತ್ತ, ಕಡೆಗೆ ಸ್ನಾನದ ಪರದೆ ಎಳೆಯುತ್ತಾನೆ. ಅಲ್ಲಿ ಕಿರುಚುವಾಕೆ ಚಿತ್ರದಲ್ಲಿ ಸಾಯುವ ಜಾನೆಟ್ ಲೀ ಅಲ್ಲ, ವಿಗ್ ಹಾಕಿಕೊಂಡ ಅದೇ ಚಿತ್ರದ ಇನ್ನೊಬ್ಬ ನಟಿ ವೆರಾ ಮೈಲ್ಸ್. ಅಷ್ಟು ಹೊತ್ತು ಅವನು ಮಾಡಿದ್ದು ನೋಡುವವನಿಗೆ ಜಾಗವನ್ನು ಪರಿಚಯಿಸುವ ಕೆಲಸ. ಮೊದಲು ಪರಿಚಯ, ಆಮೇಲೆ ಭಯ. ನನ್ನ ಟ್ರೈಲರಿನಲ್ಲಿ ಇಲ್ಲದಿದ್ದದ್ದು ಆ ಪರಿಚಯವೇ ಎಂದು ಹೊಳೆದದ್ದು ಕಳೆದ ಶನಿವಾರ ಸಂಜೆ, ಎಳನೀರಿನ ಗಾಡಿಯ ಮುಂದೆ ನಿಂತಿದ್ದಾಗ.

ಎಳನೀರು ಕೊಚ್ಚುವ ಸದ್ದು ನಮಗೆಲ್ಲ ಗೊತ್ತು: ಮೂರು ಏಟು, ನಾಲ್ಕನೆಯದರಲ್ಲಿ ಬಾಯಿ ತೆರೆಯುತ್ತದೆ. ಅದು ಬಾಯಾರಿಕೆಯ ಸದ್ದು, ಬೇಸಿಗೆಯ ಸದ್ದು. ನಮ್ಮ ಕಥೆಯ ಮಚ್ಚಿನ ದಿನನಿತ್ಯದ ಕೆಲಸವೂ ಅದೇ. ಆ ರಾತ್ರಿಯೇ ಟೈಮ್‌ಲೈನ್ ಬಿಚ್ಚಿ, 12ನೆಯ ಸೆಕೆಂಡಿನಲ್ಲಿ ಹುಡುಗ ಎಳನೀರು ಕೊಚ್ಚಿ ದೊಡ್ಡಪ್ಪನಿಗೆ ಕೊಡುವ ಶಾಟನ್ನು ನಾಲ್ಕೂ ಏಟುಗಳ ಸಮೇತ ಪೂರ್ತಿಯಾಗಿ ಇಟ್ಟೆ. 52ನೆಯ ಸೆಕೆಂಡಿನಲ್ಲಿ ತಮಟೆಯನ್ನು ಪೂರ್ತಿ ಕಿತ್ತುಹಾಕಿ, ದೊಡ್ಡಪ್ಪನ ಮುಖದ ಮೇಲೆ ಅದೇ ರೆಕಾರ್ಡಿಂಗಿನ ಮೊದಲ ಎರಡು ಏಟುಗಳನ್ನು ಮಾತ್ರ, ಓಣಿಯ ಪ್ರತಿಧ್ವನಿ ಸೇರಿಸಿ ಇಟ್ಟೆ. ಮೂರನೆಯದು ಬರುವುದಿಲ್ಲ. ಚಕ್ರದ ಗುಂಯ್‌ಗುಟ್ಟುವಿಕೆ ಇಳಿಯುತ್ತ ಹೋಗುತ್ತದೆ. ರಕ್ತವಿಲ್ಲ, ಎತ್ತಿದ ಕೈಯಿಲ್ಲ, ಕಪ್ಪು ಪರದೆಯಿಲ್ಲ, ಆದರೂ ಮರುದಿನ ನೋಡಿದ ಹನ್ನೊಂದು ಜನರಲ್ಲಿ ಒಬ್ಬರೂ ಸಿಳ್ಳೆ ಹೊಡೆಯಲಿಲ್ಲ, ಮತ್ತು ಎಲ್ಲರಿಗೂ ಏನಾಯಿತೆಂದು ತಿಳಿದಿತ್ತು. ಮೊದಲು ಫೈಟು ಎಷ್ಟೆಂದು ಕೇಳಿದ್ದವರು ಈ ಸಲ ಕೇಳಿದ್ದು, “ಆ ಮುದುಕಂಗೆ ಮುಂದೆ ಏನಾಗುತ್ತೆ?” ಎಂದು.

ಇದನ್ನು ಪ್ರಯತ್ನಿಸುವವರು ಎರಡು ವಿಷಯ ಗಮನಿಸಿ. ಎರಡು ಏಟುಗಳ ನಡುವೆ ಎಳನೀರಿನ ಲಯದಂತೆಯೇ 14 ಫ್ರೇಮುಗಳ ಅಂತರವಿಟ್ಟಾಗ ಅದು ತಾಳವಾಗಿಬಿಟ್ಟಿತು, ನನ್ನ ತಲೆಯೇ ಅದಕ್ಕೆ ತೂಗಿತು. 22ಕ್ಕೆ ಹಿಗ್ಗಿಸಿದಾಗ ತಾಳ ಮುರಿದು, ನಡುವೆ ಯಾರೋ ಯೋಚಿಸಿದಂತಾಯಿತು, ಆ ಯೋಚನೆಯೇ ಭಯಾನಕವಾಗಿತ್ತು. ಇನ್ನೊಂದು, ಚಕ್ರದ ಗುಂಯ್‌ ಸದ್ದು ನನ್ನ ಹೆಡ್‌ಫೋನಿನಲ್ಲಿ ತುಂಬಿಕೊಂಡಿದ್ದರೂ ಮೊಬೈಲಿನ ಸ್ಪೀಕರಿನಲ್ಲಿ ಪೂರ್ತಿ ಮಾಯವಾಗಿತ್ತು, ಏಕೆಂದರೆ ಅಷ್ಟು ಕೆಳಗಿನ ಸ್ಥಾಯಿ ಆ ಪುಟ್ಟ ಸ್ಪೀಕರಿನಿಂದ ಬರುವುದೇ ಇಲ್ಲ. ಟ್ರೈಲರು ನೋಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲೇ. ಸದ್ದನ್ನು ಜೋರು ಮಾಡಿ ಪ್ರಯೋಜನವಿಲ್ಲ. ತುಸು ಒಡಕು (ಡಿಸ್ಟಾರ್ಷನ್) ಸೇರಿಸಿ ಮೇಲಿನ ಸ್ವರಾಂಶಗಳನ್ನು ಎಬ್ಬಿಸಿದ ಮೇಲೆ ಕೇಳಿಸಿತು.

ಧ್ವನಿಯ ಈ ಹುಡುಕಾಟದಲ್ಲಿ ಮುಂದಿನ ಯೋಜನೆಯೂ ಸಿಕ್ಕಿತು. ಟೆಂಟ್ ಸಿನಿಮಾದ ಕಾಲದಲ್ಲಿ ಜಟಕಾ ಗಾಡಿಗೋ ಆಟೋಗೋ ಮೈಕು ಕಟ್ಟಿಕೊಂಡು, ಬಣ್ಣದ ಕಾಗದದ ಹ್ಯಾಂಡ್‌ಬಿಲ್ಲು ಎಸೆಯುತ್ತ, ಮೈನವಿರೇಳಿಸುವ ಹೊಡೆದಾಟಗಳಿವೆ ಎಂದು ಊರೂರು ಕೂಗುತ್ತಿದ್ದವರ ಧ್ವನಿಗಳನ್ನು ಅವರು ಇರುವಾಗಲೇ ಹಿಡಿದಿಡಬೇಕು. ಒಂದೂ ಚಿತ್ರ ತೋರಿಸದೆ ಬರೀ ದನಿಯ ಏರಿಳಿತದಿಂದ ಅವರು ಹೊಡೆದಾಟವನ್ನು ಹೇಗೆ ಮಾರುತ್ತಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಬೇಕಾಗಿದೆ. ಹಳೆಯ ಹ್ಯಾಂಡ್‌ಬಿಲ್ಲು ಇಟ್ಟುಕೊಂಡಿರುವವರು ತಿಳಿಸಿದರೆ ನಾನೇ ಬಂದು ಸ್ಕ್ಯಾನ್ ಮಾಡಿಕೊಳ್ಳುತ್ತೇನೆ.

ಪೋಸ್ಟರಿನ ವಿಷಯದಲ್ಲಿ ಮಾತ್ರ ಸೋತಿದ್ದೇನೆ. ಸಾಣೆಕಲ್ಲಿನ ಮೇಲೆ ಒರಗಿದ ಒಂದು ಕೈ, ಬೂದು ಹಿನ್ನೆಲೆ, ಅಷ್ಟೇ ನಮ್ಮ ವಿನ್ಯಾಸ. ಐವತ್ತು ಪ್ರತಿ ಅಚ್ಚಾಗಿ ಬಂದಾಗ ಆ ಬೂದು ಹಿನ್ನೆಲೆಯ ತುಂಬ ಕೆಂಪು ಹನಿಗಳಿದ್ದವು. ವಿಚಾರಿಸಿದರೆ ಅಚ್ಚಿನ ಮನೆಯ ಹುಡುಗ, “ಸಾರ್, ಕ್ರೈಮ್ ಅಂದ್ರಲ್ಲ, ತುಂಬಾ ಡಲ್ ಇತ್ತು, ಅದಕ್ಕೆ ಸ್ವಲ್ಪ ಬ್ಲಡ್ ಹಾಕ್ದೆ,” ಎಂದ. ಹೇಳದೆ ಕೇಳದೆ ತಿದ್ದಿದ್ದಕ್ಕೆ ನನಗೆ ಸಿಟ್ಟು ಬಂದದ್ದು ನಿಜ, ದುಡ್ಡೂ ಹೋಯಿತು. ಆದರೆ ಅವನು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ, ನನ್ನ ಮೊದಲ ಟ್ರೈಲರಿನ ವ್ಯಾಕರಣವೇ ಅವನದೂ ಆಗಿತ್ತು. 1967ರ ‘ಬಾನಿ ಅಂಡ್ ಕ್ಲೈಡ್’ ಪೋಸ್ಟರಿನ ಹೆಸರಾಂತ ಸಾಲು, ಅವರು ಹರೆಯದವರು, ಪ್ರೇಮಿಸುತ್ತಿರುವವರು, ಜನರನ್ನು ಕೊಲ್ಲುವವರು ಎಂದು ಹೇಳುತ್ತದೆ. ಅದರಲ್ಲಿ ಕೊಲ್ಲುವವರಿಗೆ ಹರೆಯವಿದೆ, ಪ್ರೇಮವಿದೆ. ಸತ್ತವರು ಬರೀ ‘ಜನರು’. ನಮ್ಮ ಕೆಂಪು ಹನಿಗಳೂ ಹಾಗೆಯೇ, ಯಾರ ಮೈಯಿಂದಲೂ ಬಂದವಲ್ಲ. ‘ಎಂ’ ಚಿತ್ರದ ಪೋಸ್ಟರಿನಲ್ಲಿ ಅಂಗೈ ಮೇಲೆ ಬರೆದ ಒಂದು ಅಕ್ಷರವಷ್ಟೇ ಇದೆ, ಅದರಿಂದ ಕಲಿಯಬೇಕಾದದ್ದು ಇನ್ನೂ ಬಾಕಿ ಇದೆ. ಹೊಸ ಮಾದರಿಯನ್ನು ಮುಂದಿನ ಟಿಪ್ಪಣಿಯಲ್ಲಿ ಹಾಕುತ್ತೇನೆ.

ನಿನ್ನೆ ಸಂಜೆ ದೊಡ್ಡಪ್ಪನಿಗೆ ಟ್ರೈಲರು ತೋರಿಸಿದೆ. ಎರಡು ಸಲ ನೋಡಿ, ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು. “ಈಗ ಸರಿಯೈತೆ,” ಎಂದರು, ಸ್ವಲ್ಪ ಹೊತ್ತಾದ ಮೇಲೆ ಸೇರಿಸಿದರು: “ಆದ್ರೆ ಚಕ್ರ ಅಷ್ಟು ಬೇಗ ನಿಲ್ಲಲ್ಲ ಮಗಾ. ತುಳಿಯೋದು ಬಿಟ್ರೂ ತಿರುಗ್ತಾನೇ ಇರ್ತದೆ.” ಚಿತ್ರೀಕರಣದ ದಿನ ಬೆಳಕು ಹೋಗುತ್ತದೆಂಬ ಅವಸರದಲ್ಲಿ ಅವರಿಂದ ಕೈಯಲ್ಲೇ ಚಕ್ರ ಹಿಡಿದು ನಿಲ್ಲಿಸಿದ್ದೆವು. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಆ ಒಂದು ಶಾಟನ್ನು ಮತ್ತೆ ತೆಗೆಯುತ್ತೇವೆ. ಚಕ್ರ ತಾನಾಗಿ ನಿಲ್ಲುವವರೆಗೂ ಕ್ಯಾಮೆರಾ ಓಡುತ್ತಿರುತ್ತದೆ.